ಹೊಟ್ಟೆಕಿಚ್ಚು ಅರಿಯದ ಗೆಳೆಯ

ಮಗನನ್ನು ಮೊದಲ ಸಲ ಹಾಸ್ಟೆಲಿಗೆ ಕಳಿಸುವ ತಾಯಿ ಏನು ಮಾಡುತ್ತಾಳೆ? ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲವನ್ನೂ ಕಟ್ಟಿಟ್ಟ ಮೇಲೂ ಆಕೆಗೆ ಸಮಾಧಾನವಿರುವುದಿಲ್ಲ. ಹಿಂದಿನ ದಿನವೇ ಒಲೆಯ ಮುಂದೆ ಕೂತು ಚಕ್ಕುಲಿ ಕರಿದು, ರವೆ ಉಂಡೆ ಕಟ್ಟಿ, ಡಬ್ಬಿ ತುಂಬಿ, ಟ್ರಂಕಿನ ಮೂಲೆಯಲ್ಲಿ ಭದ್ರವಾಗಿಟ್ಟು, "ಒಬ್ನೇ ತಿನ್ಬೇಡ ಕಣೋ, ಪಕ್ಕದ ಹುಡುಗರಿಗೂ ಕೊಡು" ಎಂದು ಹೇಳಿ ಕಳಿಸುತ್ತಾಳೆ. ಆಮೇಲೆ ಒಳಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

1761ರಲ್ಲಿ ಇಂಗ್ಲೆಂಡಿನ ಉತ್ತರಕ್ಕಿರುವ ನ್ಯೂಕ್ಯಾಸಲ್ ಪಟ್ಟಣದ ಒಬ್ಬ ತಾಯಿ ಮಾಡಿದ್ದೂ ಇದನ್ನೇ. ಆಕೆಯ ಮಗನಿಗೆ ಆಗ ಇನ್ನೂ ಹದಿಮೂರು ತುಂಬಿರಲಿಲ್ಲ. ತಂದೆ ವ್ಯಾಪಾರಿ, ಆದರೆ ಕೈಯಲ್ಲಿ ಅಂಥ ದುಡ್ಡೇನೂ ಇಲ್ಲ. ಮಕ್ಕಳು ಬಹಳ. ನೆಂಟರೊಬ್ಬರು ಯುದ್ಧದ ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ದರು. ಹುಡುಗನನ್ನು ಅವರ ಜೊತೆಗೆ ನೌಕಾಪಡೆಗೆ ಕಳಿಸಿದರು. ಅವನ ಪೆಟ್ಟಿಗೆಯಲ್ಲಿ ತಾಯಿ ಒಂದು ದೊಡ್ಡ ಪ್ಲಮ್ ಕೇಕ್ ಇಟ್ಟಿದ್ದಳು.

ಹಡಗು ಹತ್ತಿದ ಹುಡುಗ ಮನೆ ನೆನೆದು ಒಂದು ಮೂಲೆಯಲ್ಲಿ ಕೂತು ಅಳುತ್ತಿದ್ದ. ಆ ದಾರಿಯಲ್ಲಿ ಬಂದ ಹಿರಿಯ ಅಧಿಕಾರಿಯೊಬ್ಬ ಕನಿಕರಪಟ್ಟು, ನಾಲ್ಕು ಒಳ್ಳೆಯ ಮಾತಾಡಿ ಧೈರ್ಯ ಹೇಳಿದ. ಹುಡುಗ ಕಣ್ಣೊರೆಸಿಕೊಂಡು ಎದ್ದ. ಅಧಿಕಾರಿಯನ್ನು ತನ್ನ ಪೆಟ್ಟಿಗೆಯ ಬಳಿಗೆ ಕರೆದುಕೊಂಡು ಹೋದ. ಮುಚ್ಚಳ ತೆಗೆದು, ಅಮ್ಮ ಕೊಟ್ಟ ಕೇಕಿನಲ್ಲಿ ಒಂದು ದೊಡ್ಡ ತುಂಡು ಮುರಿದು ಆತನ ಕೈಗಿಟ್ಟ!

ಒಳ್ಳೆಯ ಮಾತಿಗೆ ಪ್ರತಿಯಾಗಿ ತನ್ನಲ್ಲಿದ್ದ ಅತ್ಯಂತ ಒಳ್ಳೆಯ ವಸ್ತುವನ್ನೇ ಕೊಟ್ಟ ಈ ಹುಡುಗನ ಹೆಸರು ಕತ್ಬರ್ಟ್ ಕಾಲಿಂಗ್‌ವುಡ್. ಮುಂದೆ ಈತ ಬ್ರಿಟನ್ನಿನ ಬಹು ದೊಡ್ಡ ನೌಕಾ ಅಧಿಕಾರಿಯಾದ. ಯುದ್ಧಗಳನ್ನು ಗೆದ್ದ. ಪದವಿ, ಬಿರುದು ಎಲ್ಲ ಬಂದವು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಯುದ್ಧದ ಕಥೆಯನ್ನಲ್ಲ, ಆತನ ಗೆಳೆತನದ ಕಥೆಯನ್ನು.

ಕಿರಿಯನು ಮುಂದೆ, ಹಿರಿಯನು ಹಿಂದೆ

ಶಾಲೆಯ ಪಾಠಗಳಲ್ಲಿ ನಾವೆಲ್ಲ ನೆಲ್ಸನ್ ಎಂಬ ಹೆಸರು ಕೇಳಿದ್ದೇವೆ. ಒಂದು ಕಣ್ಣಿನ ದೃಷ್ಟಿ, ಒಂದು ಕೈ ಎರಡನ್ನೂ ಯುದ್ಧದಲ್ಲಿ ಕಳೆದುಕೊಂಡು, ಕೊನೆಗೆ ಟ್ರಫಾಲ್ಗರ್ ಕದನದಲ್ಲಿ ಪ್ರಾಣವನ್ನೂ ಕೊಟ್ಟ ವೀರ. ಹೊರೇಷಿಯೋ ನೆಲ್ಸನ್ ಹುಟ್ಟಿದ್ದು 1758ರಲ್ಲಿ. ಕಾಲಿಂಗ್‌ವುಡ್ 1748ರಲ್ಲಿ. ಎಂದರೆ ಸರಿಯಾಗಿ ಹತ್ತು ವರ್ಷ ಹಿರಿಯ.

1770ರ ದಶಕದಲ್ಲಿ ಇಬ್ಬರಿಗೂ ಸ್ನೇಹವಾಯಿತು. ನೋಡಿದವರು ಆಶ್ಚರ್ಯಪಡಬೇಕು, ಅಂಥ ಜೋಡಿ! ನೆಲ್ಸನ್ ಗಿಡ್ಡ, ಬಡಕಲು ಮೈ. ಹದಿಹರೆಯದಲ್ಲಿ ನಮ್ಮ ಮದರಾಸು, ಮುಂಬಯಿ ಕಡೆಯ ಸಮುದ್ರಕ್ಕೆ ಬಂದು, ಜ್ವರ ಹಿಡಿದು, ಬದುಕುವುದೇ ಕಷ್ಟವೆನಿಸಿ ಊರಿಗೆ ಮರಳಿದವನು. ಆದರೆ ಮಾತಿನಲ್ಲಿ ಮಿಂಚು. ಹೆಸರು ಗಳಿಸಬೇಕೆಂಬ ಆಸೆ ಬೆಟ್ಟದಷ್ಟು. ಕಾಲಿಂಗ್‌ವುಡ್ ಎತ್ತರದ ಆಳು, ಮಾತು ಕಡಿಮೆ. ಎಲ್ಲರ ಹೆಗಲ ಮೇಲೆ ಕೈಹಾಕಿ ನಗುವ ಸ್ವಭಾವವಲ್ಲ. ಹೊಸಬರು ಈತನನ್ನು ಬಿಗುಮಾನದ ಮನುಷ್ಯ ಎಂದುಕೊಳ್ಳುತ್ತಿದ್ದುದೂ ಉಂಟು.

ಈಗ ಕೇಳಿ. ನೌಕಾಪಡೆಯಲ್ಲಿ ನೆಲ್ಸನ್‌ಗೆ ಬಡ್ತಿ ಮೇಲೆ ಬಡ್ತಿ ಸಿಗತೊಡಗಿತು. ವೆಸ್ಟ್ ಇಂಡೀಸ್ ದ್ವೀಪಗಳ ಬಳಿ ಲೋಸ್ಟಾಫ್ ಎಂಬ ಹಡಗಿನಿಂದ ನೆಲ್ಸನ್ ಮೇಲಿನ ಹುದ್ದೆಗೆ ಹೋದ. ಖಾಲಿಯಾದ ಜಾಗಕ್ಕೆ ಕಾಲಿಂಗ್‌ವುಡ್ ಬಂದ. ನೆಲ್ಸನ್ ಬ್ಯಾಜರ್ ಎಂಬ ಹಡಗಿನ ನಾಯಕನಾದ. ಆತ ಅಲ್ಲಿಂದ ಮೇಲೆ ಹೋದಾಗ ಮತ್ತೆ ಆ ಜಾಗಕ್ಕೆ ಕಾಲಿಂಗ್‌ವುಡ್. ಮೂರನೆಯ ಸಲ ಹಿಂಚಿನ್‌ಬ್ರೂಕ್ ಹಡಗಿನಲ್ಲೂ ಹಾಗೇ ಆಯಿತು. ಹತ್ತು ವರ್ಷ ಕಿರಿಯವನು ಬಿಟ್ಟುಹೋದ ಕುರ್ಚಿಯಲ್ಲಿ ಹಿರಿಯನು ಕೂರುವುದು ಮೂರು ಮೂರು ಸಲ!

ಸೋದರಿಯರೇ, ಎದೆಯ ಮೇಲೆ ಕೈಯಿಟ್ಟು ಹೇಳಿ. ನಮ್ಮ ಜೊತೆಗೇ ಓದಿದ, ನಮ್ಮ ಜೊತೆಗೇ ಕುಂಟೆಬಿಲ್ಲೆ ಆಡಿದ ಗೆಳತಿ ನಮಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿದಾಗ ನಮ್ಮ ಮನಸ್ಸು ಹೇಗಿರುತ್ತದೆ? ನನ್ನದನ್ನೇ ಹೇಳಿಬಿಡುತ್ತೇನೆ. ನಾನೂ ನನ್ನ ಗೆಳತಿಯೊಬ್ಬಳೂ ಒಂದೇ ವರ್ಷ ಟೀಚರ್ ಟ್ರೇನಿಂಗ್ ಮುಗಿಸಿದವರು. ಒಂದೇ ಕೋಣೆಯಲ್ಲಿದ್ದು, ಒಂದೇ ಸೀರೆಯನ್ನು ಸರದಿಯ ಮೇಲೆ ಉಟ್ಟವರು. ಅವಳು ಮುಖ್ಯೋಪಾಧ್ಯಾಯಿನಿಯಾದಳೆಂದು ತಿಳಿದ ದಿನ ನನ್ನ ಬಾಯಿ "ಸಂತೋಷ" ಎಂದಿತು. ಆದರೆ ಒಳಗೆ ಏನೋ ಚುರುಕ್ ಎಂದಿತು. ಅವಳಿಗೆ ಎರಡು ಸಾಲು ಬರೆಯೋಣವೆಂದು ಕೂತಾಗಲೆಲ್ಲ ಏನೋ ಒಂದು ಕೆಲಸ ನೆನಪಾಗುತ್ತಿತ್ತು. ಕೆಲಸವೆಲ್ಲಿ ಬಂತು, ನೆವ ಅಷ್ಟೇ. ಅದಕ್ಕೇ ಈ ಕಾಲಿಂಗ್‌ವುಡ್‌ನ ಕಥೆ ಓದಿದಾಗ ನನಗೆ ಯಾರೋ ಕಿವಿ ಹಿಂಡಿದಂತಾಯಿತು.

ಹಳದಿ ಬಣ್ಣದ ಟೋಪನ್

ಹಿಂಚಿನ್‌ಬ್ರೂಕ್ ಹಡಗಿನ ಕೆಲಸ ಸುಖದ್ದಾಗಿರಲಿಲ್ಲ. ಮಧ್ಯ ಅಮೆರಿಕದ ಕಾಡಿನ ಕರಾವಳಿಯಲ್ಲಿ ವಿಷಮಜ್ವರ. ನೆಲ್ಸನ್ ಸಾಯುವ ಸ್ಥಿತಿಗೆ ಬಂದು ಅಲ್ಲಿಂದ ಹೊರಟ. ಬದಲಿಗೆ ಬಂದ ಕಾಲಿಂಗ್‌ವುಡ್ ಹಡಗಿನ ಬಹುಪಾಲು ಮಂದಿಯನ್ನು ತನ್ನ ಕಣ್ಣೆದುರೇ ಮಣ್ಣು ಮಾಡಬೇಕಾಯಿತು. ಗಟ್ಟಿ ಮೈಯವನಾದ್ದರಿಂದ ತಾನು ಉಳಿದ.

ಕೆಲವು ವರ್ಷಗಳ ನಂತರ, 1784ರ ಸುಮಾರಿಗೆ, ಇಬ್ಬರೂ ಮತ್ತೆ ಒಂದೇ ಕಡೆ ಸೇರಿದರು. ವೆಸ್ಟ್ ಇಂಡೀಸಿನ ಆಂಟಿಗಾ ದ್ವೀಪದ ಬಂದರು. ಅಲ್ಲಿನ ಬಂದರು ಅಧಿಕಾರಿಯ ಹೆಂಡತಿ ಮೇರಿ ಮೌಟ್ರೇ ಎಂಬಾಕೆ ಬಹಳ ಸಹೃದಯಿ. ಮನೆ ಬಿಟ್ಟು ಬಂದ ಈ ಹುಡುಗರಿಗೆ ಆಕೆಯ ಮನೆಯೇ ಮನೆ. ಜ್ವರದ ದೆಸೆಯಿಂದ ನೆಲ್ಸನ್ ಆಗ ತಲೆ ಬೋಳಿಸಿಕೊಂಡು ಒಂದು ಹಳದಿ ಬಣ್ಣದ ಟೋಪನ್ ಹಾಕಿಕೊಂಡು ತಿರುಗುತ್ತಿದ್ದ. ಅದು ತಲೆಗೆ ಸರಿಯಾಗಿಯೂ ಕೂರುತ್ತಿರಲಿಲ್ಲ! ಒಂದು ದಿನ ಆ ಮನೆಯಲ್ಲಿ ಕೂತು ಕಾಲಿಂಗ್‌ವುಡ್ ಆ ಟೋಪನ್ ಸಮೇತ ಗೆಳೆಯನ ಚಿತ್ರ ಬರೆದ. "ನಾನೇನು ಕಡಿಮೆಯೇ?" ಎಂಬಂತೆ ನೆಲ್ಸನ್ ಕಾಲಿಂಗ್‌ವುಡ್‌ನ ಚಿತ್ರ ಬರೆದ. ಇಬ್ಬರೂ ಚಿತ್ರಕಾರರೇನಲ್ಲ. ಆದರೂ ಆ ಎರಡು ಚಿತ್ರಗಳು ಇವತ್ತಿಗೂ ಉಳಿದುಕೊಂಡಿವೆ.

ಕಾಲಿಂಗ್‌ವುಡ್‌ನ ತಮ್ಮ ವಿಲ್ಫ್ರೆಡ್ ಸಹ ಅದೇ ಸಮುದ್ರದಲ್ಲಿ ಹಡಗಿನ ನಾಯಕನಾಗಿದ್ದ. 1787ರಲ್ಲಿ ಆತ ಕಾಯಿಲೆಯಿಂದ ತೀರಿಕೊಂಡ. ಆ ವೇಳೆಗೆ ಅಣ್ಣ ಇಂಗ್ಲೆಂಡಿಗೆ ಮರಳಿದ್ದ. ಸಾವಿನ ಸುದ್ದಿಯನ್ನು ಅಣ್ಣನಿಗೆ ಬರೆಯುವ ಕಠಿಣ ಕೆಲಸವನ್ನು ನೆಲ್ಸನ್ ತಾನೇ ಮಾಡಿದ. ನಗುವಿನಲ್ಲಿ ಜೊತೆಗಿದ್ದವನು ಅಳುವಿನಲ್ಲೂ ಜೊತೆಗಿದ್ದ.

ಮಾರ್ಪೆತ್ ಊರಿನ ಮನೆ

1791ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಕಾಲಿಂಗ್‌ವುಡ್ ಮದುವೆಯಾದ. ಹುಡುಗಿ ಸಾರಾ ಬ್ಲ್ಯಾಕೆಟ್, ನ್ಯೂಕ್ಯಾಸಲ್ಲಿನ ಮೇಯರ್ ಆಗಿದ್ದವರ ಮಗಳು. ಹತ್ತಿರದ ಮಾರ್ಪೆತ್ ಎಂಬ ಪುಟ್ಟ ಊರಿನಲ್ಲಿ, ವಾನ್ಸ್‌ಬೆಕ್ ನದಿಯ ಸಮೀಪ ಸಂಸಾರ ಹೂಡಿದರು. 1792ರಲ್ಲಿ ಮಗಳು ಸಾರಾ, ಮರುವರ್ಷ ಇನ್ನೊಬ್ಬ ಮಗಳು ಮೇರಿ ಪೇಷನ್ಸ್.

ಮನೆಯಲ್ಲಿದ್ದಾಗ ಕಾಲಿಂಗ್‌ವುಡ್ ದೊಡ್ಡ ಅಧಿಕಾರಿಯೆಂದು ಯಾರೂ ಹೇಳುವಂತಿರಲಿಲ್ಲ. ಆಲೂಗಡ್ಡೆ ಪಾತಿಗೆ ಮಣ್ಣು ಅಗೆಯುವುದು, ಗೋಡೆ ಕಟ್ಟಿಸುವುದು, ಗಿಡ ನೆಡುವುದು ಇಷ್ಟೇ ಕೆಲಸ. ಒಮ್ಮೆ ಇನ್ನೊಬ್ಬ ಅಡ್ಮಿರಲ್ ನೋಡಲು ಬಂದಾಗ, ಮನೆಯ ಯಜಮಾನ ತೋಟದ ಮಾಲಿ ಮುದುಕ ಸ್ಕಾಟ್ ಜೊತೆಗೆ ಒಂದು ಗುಂಡಿಯೊಳಗೆ ಇಳಿದು ಅಗೆಯುತ್ತಿದ್ದನಂತೆ!

ಇನ್ನೊಂದು ಅಭ್ಯಾಸವಿತ್ತು. ವಾಕಿಂಗ್ ಹೊರಟಾಗ ಜೇಬಿನ ತುಂಬ ಓಕ್ ಮರದ ಬೀಜ. ಬೇಲಿಯ ಸಾಲಿನಲ್ಲಿ, ಖಾಲಿ ಜಾಗದಲ್ಲಿ ಅವನ್ನು ಊರುತ್ತ ಹೋಗುವುದು. ಆ ಕಾಲದ ಯುದ್ಧದ ಹಡಗುಗಳು ಓಕ್ ಮರದವು. ಆದರೆ ಬೀಜ ಮರವಾಗಿ ಹಡಗಿಗೆ ಬರಬೇಕಾದರೆ ನೂರು ವರ್ಷವಾದರೂ ಬೇಕು. ತಾನು ನೋಡದ ಕಾಲಕ್ಕೆಂದು ಆತ ಬೀಜ ಊರುತ್ತಿದ್ದ. ತಾತ ನೆಟ್ಟ ಹಲಸಿನ ಮರದ ಹಣ್ಣು ತಿಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಸುಖ ಎರಡು ವರ್ಷವೂ ನಿಲ್ಲಲಿಲ್ಲ. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಶುರುವಾಯಿತು. ಗಂಡ ಮತ್ತೆ ಹಡಗು ಹತ್ತಿದ. ಸಾರಾ ಎರಡು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಗದಕ್ಕಾಗಿ ಕಾಯುವವಳಾದಳು.

ಆಪತ್ತಿಗೆ ಆದವನೇ ನೆಂಟ

1797ರ ಫೆಬ್ರವರಿ 14. ಪೋರ್ಚುಗಲ್ ದೇಶದ ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಸ್ಪೇನಿನ ಹಡಗುಗಳೊಡನೆ ಕದನ. ನೆಲ್ಸನ್ ಧೈರ್ಯ ಮಾಡಿ ಸಾಲು ಬಿಟ್ಟು ಶತ್ರುಗಳ ಮಧ್ಯೆ ನುಗ್ಗಿದ್ದ. ಆತನ ಹಡಗಿಗೆ ಸುತ್ತಲಿಂದಲೂ ಗುಂಡಿನ ಮಳೆ. ಹಾಯಿ ಹರಿದು, ಚುಕ್ಕಾಣಿಯ ಚಕ್ರ ಮುರಿದು, ಹಡಗು ನಿಂತಲ್ಲೇ ನಿಂತಿತು.

ಅಷ್ಟರಲ್ಲಿ ಕಾಲಿಂಗ್‌ವುಡ್‌ನ 'ಎಕ್ಸಲೆಂಟ್' ಹಡಗು ಬಂತು. ದಾರಿಯಲ್ಲಿ ಶತ್ರುವಿನ ಎರಡು ಹಡಗುಗಳನ್ನು ಬಡಿದು ಸೋಲಿಸಿತ್ತು. ಸೋತ ಹಡಗನ್ನು ವಶಕ್ಕೆ ತೆಗೆದುಕೊಂಡರೆ ಕೀರ್ತಿ, ಬಹುಮಾನದ ಹಣ ಎರಡೂ ಸಿಗುತ್ತಿದ್ದ ಕಾಲ ಅದು. ಕಾಲಿಂಗ್‌ವುಡ್ ಅವನ್ನು ಅಲ್ಲಿಯೇ ಬಿಟ್ಟು, ನೆಲ್ಸನ್‌ನ ಹಡಗಿಗೂ ಶತ್ರುವಿಗೂ ನಡುವೆ ತನ್ನ ಹಡಗನ್ನು ತಂದು ನಿಲ್ಲಿಸಿದ. ಆ ಬಿಡುವಿನಲ್ಲಿ ನೆಲ್ಸನ್ ಚೇತರಿಸಿಕೊಂಡು ಶತ್ರುವಿನ ಹಡಗಿಗೆ ಹಾರಿ, ಅಲ್ಲಿಂದ ಇನ್ನೊಂದಕ್ಕೂ ಹಾರಿ, ಎರಡನ್ನೂ ಗೆದ್ದುಕೊಂಡ! ದೇಶವೆಲ್ಲ ಆತನ ಹೆಸರೇ ಹೆಸರು. ಸರದಾರನ ಪದವಿಯೂ ಬಂತು.

ಆದರೆ ನೆಲ್ಸನ್ ಮರೆಯುವವನಲ್ಲ. ಮರುದಿನವೇ ಗೆಳೆಯನಿಗೆ ಕಾಗದ ಬರೆದು, ಆಪತ್ತಿಗೆ ಆದವನೇ ನಿಜವಾದ ಗೆಳೆಯನೆಂಬುದನ್ನು ನಿನ್ನೆ ನೀನು ತೋರಿಸಿಕೊಟ್ಟೆ ಎಂದು ನೆನೆದ. ಇಲ್ಲಿ ಒಂದು ಮಾತು. ಗೆಳೆತನಕ್ಕೆ ಎರಡು ಕೈ ಬೇಕು. ಕೊಡುವವನ ಕೈ ಎಷ್ಟು ಮುಖ್ಯವೋ, "ನೀನು ಕೊಟ್ಟೆ" ಎಂದು ನಾಲ್ಕು ಜನರೆದುರು ಹೇಳುವವನ ಬಾಯಿಯೂ ಅಷ್ಟೇ ಮುಖ್ಯ.

ಹಾಗೆಂದು ಕಾಲಿಂಗ್‌ವುಡ್ ಅವಮಾನವನ್ನು ನುಂಗಿಕೊಳ್ಳುವ ಪೈಕಿ ಎಂದು ತಿಳಿಯಬೇಡಿ. ಈ ಗೆಲುವಿಗೆ ಪದಕ ಕೊಡಲು ಬಂದಾಗ, 1794ರ ಜೂನ್ ಒಂದರ ಕದನದ ಪದಕವನ್ನು ನನಗೆ ಅನ್ಯಾಯವಾಗಿ ತಪ್ಪಿಸಿದ್ದೀರಿ, ಅದು ಬಾರದೆ ಇದು ಬೇಡ ಎಂದುಬಿಟ್ಟ. ಕೊನೆಗೆ ಎರಡನ್ನೂ ಕೊಟ್ಟರು! ನ್ಯಾಯಕ್ಕಾಗಿ ನಿಲ್ಲುವುದು ಬೇರೆ, ಗೆಳೆಯನ ಏಳಿಗೆಗೆ ಕರುಬುವುದು ಬೇರೆ. ಮರುವರ್ಷ ನೈಲ್ ನದಿಯ ಮುಖದಲ್ಲಿ ನೆಲ್ಸನ್ ದೊಡ್ಡ ಜಯ ಪಡೆದಾಗ ಆ ದಂಡಿನಲ್ಲಿ ಕಾಲಿಂಗ್‌ವುಡ್‌ಗೆ ಅವಕಾಶ ಸಿಕ್ಕಿರಲಿಲ್ಲ. ಬಹಳ ನೊಂದುಕೊಂಡ. ಆದರೂ ನೆಲ್ಸನ್‌ಗೆ ಮನಸಾರೆ ಅಭಿನಂದನೆ ಬರೆದ.

1801ರ ಜನವರಿಯಲ್ಲಿ ಸಾರಾ ಚಿಕ್ಕ ಮಗಳನ್ನು ಮನೆಯಲ್ಲಿ ಬಿಟ್ಟು, ದೊಡ್ಡವಳನ್ನು ಕಟ್ಟಿಕೊಂಡು, ಚಳಿಗಾಲದ ದಾರಿಯಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ, ಪ್ಲಿಮತ್ ಬಂದರಿಗೆ, ಗಂಡನನ್ನು ನೋಡಲು ಹೋದಳು. ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ನೆಲ್ಸನ್ ಕೂಡ ಅಲ್ಲಿದ್ದ. ಒಂದು ಹೋಟೆಲಿನ ಕೋಣೆಯಲ್ಲಿ ಬೆಂಕಿಯ ಮುಂದೆ ಗಂಡ, ಹೆಂಡತಿ, ಗೆಳೆಯ ಮೂವರೂ ಹರಟುತ್ತ ಕೂತಿದ್ದರೆ, ಪುಟ್ಟ ಸಾರಾ ತನ್ನ ನಾಯಿಮರಿಗೆ ಕುಣಿಯಲು ಕಲಿಸುತ್ತಿದ್ದಳಂತೆ. ಕಾಲಿಂಗ್‌ವುಡ್ ಇದನ್ನು ಬಲು ಪ್ರೀತಿಯಿಂದ ಕಾಗದದಲ್ಲಿ ಬರೆದಿದ್ದಾನೆ. ಆತನ ಜೀವನದಲ್ಲಿ ಇಂಥ ಸಂಜೆಗಳು ಬೆರಳಲ್ಲಿ ಎಣಿಸುವಷ್ಟು.

ಹೆಸರು ಹಿಡಿದು ಕರೆಯಿರಿ

ಒಬ್ಬನೇ ಗೆಳೆಯನಿಗೆ ಮಾತ್ರ ಒಳ್ಳೆಯವನು, ಮಿಕ್ಕವರಿಗೆ ಹುಲಿ ಎಂದಾಗಿದ್ದರೆ ಆತನನ್ನು ಇಷ್ಟು ನೆನೆಯಬೇಕಿರಲಿಲ್ಲ. ಆ ಕಾಲದಲ್ಲಿ ಹಡಗಿನ ಆಳುಗಳನ್ನು ಸಣ್ಣ ತಪ್ಪಿಗೂ ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದರು. ಕಾಲಿಂಗ್‌ವುಡ್‌ಗೆ ಇದು ಸೇರುತ್ತಿರಲಿಲ್ಲ. ವಯಸ್ಸಾಗುತ್ತ ಬಂದಂತೆ ಅದನ್ನು ಬಹಳ ಮಟ್ಟಿಗೆ ಬಿಟ್ಟೇಬಿಟ್ಟ. ಬದಲಿಗೆ ಹೆಚ್ಚಿನ ಕೆಲಸ ಕೊಡುವುದು, ಮದ್ಯದ ಪಾಲಿಗೆ ನೀರು ಬೆರೆಸುವುದು ಇಂಥ ಶಿಕ್ಷೆ. ಆದರೂ ಆತನ ಹಡಗಿನಷ್ಟು ಶಿಸ್ತು ಬೇರೆಲ್ಲೂ ಇಲ್ಲವೆಂಬ ಹೆಸರು. ಬೇರೆ ಹಡಗಿನಲ್ಲಿ ಹೇಳಿದ ಮಾತು ಕೇಳದ ಪುಂಡರನ್ನು ಮೇಲಧಿಕಾರಿಗಳು "ಕಾಲಿಂಗ್‌ವುಡ್ ಹತ್ತಿರ ಕಳಿಸಿ, ಅವನು ಸರಿಮಾಡ್ತಾನೆ" ಎನ್ನುತ್ತಿದ್ದರಂತೆ.

ಆಳುಗಳನ್ನು "ಏ, ನೀನು!" ಎಂದು ಕರೆಯಕೂಡದೆಂದು ಆತ ತನ್ನ ಅಧಿಕಾರಿಗಳಿಗೆ ಕಟ್ಟಪ್ಪಣೆ ಮಾಡಿದ್ದ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಕರೆಯಿರಿ, ಗೊತ್ತಿಲ್ಲದಿದ್ದರೆ ನಾವಿಕ ಎನ್ನಿ ಎಂಬುದು ಆತನ ನಿಯಮ. ಕಾಯಿಲೆಯವರನ್ನು ದಿನವೂ ಹೋಗಿ ನೋಡುವುದು, ತನ್ನ ಊಟದಿಂದ ಅವರಿಗೆ ಒಳ್ಳೆಯದನ್ನು ಕಳಿಸುವುದು. ನಾವಿಕರು ಆತನನ್ನು ತಂದೆ ಎಂದೇ ತಿಳಿದಿದ್ದರು. ಮನೆಗೆಲಸದವಳ ಹೆಸರು ಕೂಡ ಕೇಳದೆ "ಏನೇ, ಇಲ್ಲಿ ಬಾರೇ" ಎನ್ನುವ ಮನೆಗಳು ನಮ್ಮಲ್ಲಿಲ್ಲವೇ? ಯೋಚಿಸಬೇಕಾದ ಮಾತು.

ರೇಷ್ಮೆಯ ಕಾಲುಚೀಲ

1805. ಫ್ರಾನ್ಸಿನ ನೆಪೋಲಿಯನ್ ಯುರೋಪನ್ನೆಲ್ಲ ನಡುಗಿಸುತ್ತಿದ್ದ ಕಾಲ. ಫ್ರಾನ್ಸ್, ಸ್ಪೇನ್ ಎರಡೂ ಸೇರಿ 33 ದೊಡ್ಡ ಯುದ್ಧನೌಕೆಗಳು. ಬ್ರಿಟನ್ನಿನವು 27. ನೆಲ್ಸನ್ ದಂಡನಾಯಕ, ಕಾಲಿಂಗ್‌ವುಡ್ ಆತನ ನಂತರದವನು. ಅಕ್ಟೋಬರ್ ತಿಂಗಳಲ್ಲಿ ನೆಲ್ಸನ್ ತನ್ನ ಯುದ್ಧದ ಉಪಾಯವನ್ನೆಲ್ಲ ಗೆಳೆಯನಿಗೆ ಬರೆದು ಕಳಿಸಿದ. ಜೊತೆಗೆ, ನಮ್ಮಿಬ್ಬರ ನಡುವೆ ಸಣ್ಣಪುಟ್ಟ ಅಸೂಯೆಗಳಿಗೆ ಜಾಗವೇ ಇಲ್ಲ ಎಂದೂ ಬರೆದ. ಬೇರೆ ಯಾರಿಗಾದರೂ ಈ ಮಾತನ್ನು ಬರೆಯಲು ಧೈರ್ಯ ಬೇಕಾಗುತ್ತಿತ್ತು. ಈ ಗೆಳೆಯನಿಗೆ ಬರೆಯುವಾಗ ಅದು ಸಹಜವಾಗಿ ಬಂತು.

ಅಕ್ಟೋಬರ್ 21ರ ಬೆಳಗ್ಗೆ ಕಾಲಿಂಗ್‌ವುಡ್ ಎಂದಿನಂತೆ ಗಡ್ಡ ಹೆರೆದುಕೊಂಡು ಶುಭ್ರವಾಗಿ ಉಡುಪು ಧರಿಸಿದ. ಬೂಟು ಹಾಕಿಕೊಂಡು ಬಂದಿದ್ದ ಒಬ್ಬ ಕಿರಿಯ ಅಧಿಕಾರಿಗೆ, ನನ್ನ ಹಾಗೆ ರೇಷ್ಮೆಯ ಕಾಲುಚೀಲ ಹಾಕಿಕೋ, ಕಾಲಿಗೆ ಗುಂಡು ಬಿದ್ದರೆ ಡಾಕ್ಟರಿಗೆ ಬಿಚ್ಚಲು ಸುಲಭ ಎಂದು ಬುದ್ಧಿ ಹೇಳಿದ! ಸಾವಿನ ಬಾಯಿಗೆ ಹೊರಟ ಹೊತ್ತಿನಲ್ಲೂ ಮನೆಯ ಹಿರಿಯನ ಮಾತು.

ಎರಡು ಸಾಲಾಗಿ ಹಡಗುಗಳು ಹೊರಟವು. ಒಂದರ ಮುಂದೆ ನೆಲ್ಸನ್, ಇನ್ನೊಂದರ ಮುಂದೆ 'ರಾಯಲ್ ಸಾವರಿನ್' ಹಡಗಿನಲ್ಲಿ ಕಾಲಿಂಗ್‌ವುಡ್. ಅಡಿಗೆ ಹೊಸ ತಾಮ್ರದ ತಗಡು ಹೊದಿಸಿದ್ದರಿಂದ ಆತನ ಹಡಗು ವೇಗವಾಗಿ ಮುಂದೆ ಹೋಯಿತು. ಎಲ್ಲರಿಗಿಂತ ಮೊದಲು ಶತ್ರುಗಳ ಸಾಲನ್ನು ಸೀಳಿತು. ಸುಮಾರು ಕಾಲು ಗಂಟೆ ಹೊತ್ತು ಒಂಟಿ ಹಡಗು, ಸುತ್ತ ಹಲವು ಶತ್ರುಗಳು. ಆ ಹೊತ್ತಿನಲ್ಲಿ ಆದದ್ದು ನೋಡಿ. ನೆಲ್ಸನ್ ತನ್ನ ಹಡಗಿನ ಮೇಲೆ ನಿಂತು, ನಮ್ಮ ಕಾಲಿಂಗ್‌ವುಡ್ ಹೇಗೆ ನುಗ್ಗುತ್ತಿದ್ದಾನೆ ನೋಡಿ ಎಂದು ಹಿಗ್ಗುತ್ತಿದ್ದ. ಅತ್ತ ಕಾಲಿಂಗ್‌ವುಡ್, ಇಲ್ಲಿರಲು ನೆಲ್ಸನ್ ಏನು ಬೇಕಾದರೂ ಕೊಟ್ಟಾನು ಎನ್ನುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಗೆಳೆಯ.

ಇನ್ನೊಂದು ಸಂಗತಿ ನಮ್ಮಂಥ ಗೃಹಿಣಿಯರಿಗೆ ಹಿಡಿಸುವಂಥದ್ದು. ಗುಂಡು ಹಾರುತ್ತಿರುವಾಗಲೇ ಒಂದು ಹಾಯಿ ಹಡಗಿನ ಪಕ್ಕದಲ್ಲಿ ಜೋತು ಬಿದ್ದದ್ದು ಕಾಲಿಂಗ್‌ವುಡ್‌ನ ಕಣ್ಣಿಗೆ ಬಿತ್ತು. ಒಬ್ಬ ಅಧಿಕಾರಿಯನ್ನು ಕರೆದು, ಬಾ, ಇದನ್ನು ತೆಗೆದಿಡೋಣ, ಮುಂದೆ ಬೇಕಾದೀತು ಎಂದ. ಇಬ್ಬರೂ ಸೇರಿ, ನಾವು ಒಣಗಿದ ಸೀರೆಯನ್ನು ಆ ತುದಿ ಈ ತುದಿ ಹಿಡಿದು ಮಡಿಸುವಂತೆ, ಅದನ್ನು ಜೋಪಾನವಾಗಿ ಸುತ್ತಿ ದೋಣಿಯೊಳಗೆ ಇಟ್ಟರು!

ಗೆಲುವಾಯಿತು. ಬ್ರಿಟನ್ನಿನ ಒಂದು ಹಡಗೂ ಹೋಗಲಿಲ್ಲ. ಆದರೆ ನಡುವೆ ಸುದ್ದಿ ಬಂತು, ನೆಲ್ಸನ್‌ಗೆ ಗುಂಡು ತಗುಲಿದೆ ಎಂದು. ಸುದ್ದಿ ತಂದವನ ಮುಖ ನೋಡಿಯೇ ಕಾಲಿಂಗ್‌ವುಡ್‌ಗೆ ತಿಳಿದುಹೋಯಿತು. ಸಂಜೆ ನಾಲ್ಕೂವರೆಯ ಹೊತ್ತಿಗೆ ನೆಲ್ಸನ್ ಇಲ್ಲವಾದ. ಎಂದೂ ಮನಸ್ಸಿನ ಮಾತು ಹೊರಗೆ ತೋರದ ಕಾಲಿಂಗ್‌ವುಡ್‌ನ ಕಣ್ಣಲ್ಲಿ ಎಲ್ಲರೆದುರಿಗೆ ನೀರು ಹರಿಯಿತು. ಗೆಲುವಿನ ವರದಿಯನ್ನು ಸರಕಾರಕ್ಕೆ ಬರೆಯಬೇಕಾದವನೂ ಆತನೇ. ಅದು ಸರಕಾರಿ ಕಾಗದ. ಅದರಲ್ಲೂ ಗೆಳೆಯನನ್ನು ಕಳೆದುಕೊಂಡ ದುಃಖವನ್ನು ಮುಚ್ಚಿಡದೆ ಬರೆದ.

ಶತ್ರುಗಳಿಗೂ ಆತ ಕರುಣೆ ತೋರಿದ. ಕದನದ ಹಿಂದೆಯೇ ಭಾರಿ ಬಿರುಗಾಳಿ ಎದ್ದಿತು. ಗಾಯಗೊಂಡ ಸ್ಪೇನಿನ ಸೆರೆಯಾಳುಗಳನ್ನು ಆತ ಅವರ ಊರಾದ ಕಾಡಿಜ್‌ಗೇ ಮರಳಿಸಿದ. ಅದಕ್ಕೆ ಪ್ರತಿಯಾಗಿ ಅಲ್ಲಿನ ರಾಜ್ಯಪಾಲ ಬ್ರಿಟಿಷ್ ಗಾಯಾಳುಗಳಿಗೆ ತನ್ನ ಆಸ್ಪತ್ರೆಗಳ ಬಾಗಿಲು ತೆರೆದ.

ಇತ್ತ ಮನೆಯಲ್ಲಿ

ಆ ಸಮಯದಲ್ಲಿ ಸಾರಾ ಎಲ್ಲಿದ್ದಳು? ನ್ಯೂಕ್ಯಾಸಲ್ಲಿನ ಒಂದು ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿದ್ದಳಂತೆ. ಟಪ್ಪಾಲು ಗಾಡಿ ಬಂತು. ಗಾಡಿಗೆ ಗೆಲುವಿನ ಹಸಿರೆಲೆ, ಗಾಡಿಯವನ ಟೋಪಿಗೆ ಸೂತಕದ ಕಪ್ಪು ಪಟ್ಟಿ. ದೊಡ್ಡ ಗೆಲುವಾಯಿತು, ಆದರೆ ಅಡ್ಮಿರಲ್‌ಗಳೆಲ್ಲ ಸತ್ತರು ಎಂದು ಯಾರೋ ಕೂಗಿದರು. ಸಾರಾ ಅಲ್ಲೇ ಕುಸಿದು ಬಿದ್ದಳೆಂದು ಹೇಳುತ್ತಾರೆ. ಗಂಡ ಬದುಕಿದ್ದಾನೆಂಬುದು ತಿಳಿದದ್ದು ಆಮೇಲೆ. ಕಾಲಿಗೆ ಮರದ ಚೂರು ಬಡಿದು ಪೆಟ್ಟಾಗಿದ್ದನ್ನು ಆತ ಮೊದಲು ಹೇಳಲೇ ಇಲ್ಲ. ಎಷ್ಟೋ ದಿನಗಳ ಮೇಲೆ, ಹೇಳಿದೆನೋ ಇಲ್ಲವೋ ಎಂಬಂತೆ ಕಾಗದದಲ್ಲಿ ಬರೆದ. ಗಂಡಸರ ಈ ಗುಣ ಎಲ್ಲ ದೇಶದಲ್ಲೂ ಒಂದೇ ಕಾಣುತ್ತದೆ!

ರಾಜ ಆತನಿಗೆ ಲಾರ್ಡ್ ಪದವಿ ಕೊಟ್ಟ. ವರ್ಷಕ್ಕೆ 2,000 ಪೌಂಡುಗಳ ವಿಶ್ರಾಂತಿವೇತನ, ತನ್ನ ನಂತರ ಹೆಂಡತಿ ಮಕ್ಕಳಿಗೂ ಒಂದು ಪಾಲು. ಗಂಡುಮಕ್ಕಳಿಲ್ಲದ ಕಾಲಿಂಗ್‌ವುಡ್ ಪದವಿಯನ್ನು ಹೆಣ್ಣುಮಕ್ಕಳ ಕಡೆಗೆ ನಡೆಸಿಕೊಡಿ ಎಂದು ಕೇಳಿದ. ಅದು ಮಾತ್ರ ನಡೆಯಲಿಲ್ಲ. ಪದವಿ ಆತನೊಂದಿಗೇ ಮುಗಿಯಿತು.

1803ರಲ್ಲಿ ಮನೆ ಬಿಟ್ಟು ಹೊರಟವನು ಮತ್ತೆ ಆ ಹೊಸ್ತಿಲು ತುಳಿಯಲೇ ಇಲ್ಲ. ನೆಲ್ಸನ್ ಹೋದ ಮೇಲೆ ಮೆಡಿಟರೇನಿಯನ್ ಸಮುದ್ರದ ಹೊಣೆಯೆಲ್ಲ ಆತನ ತಲೆಗೇ ಬಿತ್ತು. ಒಮ್ಮೆ 22 ತಿಂಗಳು ಎಲ್ಲಿಯೂ ಲಂಗರು ಹಾಕದೆ ಸಮುದ್ರದ ಮೇಲೆಯೇ ಕಳೆದ. ಜೊತೆಗೆ ಬೌನ್ಸ್ ಎಂಬ ಪ್ರೀತಿಯ ನಾಯಿ. ತನಗೆ ಲಾರ್ಡ್ ಪದವಿ ಬಂದ ಮೇಲೆ ಬೌನ್ಸ್‌ಗೆ ಬಹಳ ಜಂಬ ಬಂದಿದೆ, ಸಾಮಾನ್ಯ ನಾಯಿಗಳ ಸಹವಾಸ ಬೇಡವೆನ್ನುತ್ತಿದೆ ಎಂದು ಮನೆಗೆ ತಮಾಷೆಯಾಗಿ ಬರೆದ. ನಾನು ನೆಟ್ಟ ಗಿಡಗಳು ಹೇಗಿವೆ? ಓಕ್ ಮರಗಳ ಕೆಳಗೆ ಕೂರುವಷ್ಟು ನೆರಳಾಗಿದೆಯೇ? ಗೋಡೆ ಗಟ್ಟಿಯಾಗಿ ನಿಂತಿದೆಯೇ? ಕಾಗದ ಕಾಗದದಲ್ಲೂ ಇಂಥವೇ ಪ್ರಶ್ನೆ. ಹೆಣ್ಣುಮಕ್ಕಳು ಲೆಕ್ಕ, ರೇಖಾಗಣಿತ, ಚರಿತ್ರೆ ಓದಬೇಕು, ಬರಿಯ ಕಾದಂಬರಿಯಲ್ಲಿ ಮುಳುಗಬಾರದು ಎಂದು ಹೆಂಡತಿಗೆ ಒತ್ತಿ ಒತ್ತಿ ಬರೆಯುತ್ತಿದ್ದ. ಇನ್ನೂರು ವರ್ಷದ ಹಿಂದಿನ ತಂದೆಯೊಬ್ಬನ ಮಾತು ಇದು!

ಮನೆಗೆ ಹೋಗಲು ರಜ ಬೇಕೆಂದು ಆತ ಮತ್ತೆ ಮತ್ತೆ ಕೇಳಿದ. ನಿನ್ನ ಜಾಗಕ್ಕೆ ಇನ್ನೊಬ್ಬರಿಲ್ಲ ಎಂಬ ಉತ್ತರ ಮತ್ತೆ ಮತ್ತೆ ಬಂತು. 1809ರಲ್ಲಿ ಬೌನ್ಸ್ ಸಮುದ್ರಕ್ಕೆ ಬಿದ್ದು ಸತ್ತಿತು. ಹೊಟ್ಟೆಯ ಕಾಯಿಲೆ ಬಲಿಯಿತು. ಕೊನೆಗೆ 1810ರ ಮಾರ್ಚ್ 6ರಂದು ಮಿನೋರ್ಕಾ ದ್ವೀಪದಿಂದ ಹಡಗು ಊರ ಕಡೆ ಹೊರಟಿತು. ಅಲೆಯ ಹೊಯ್ದಾಟದಿಂದ ತೊಂದರೆಯಾಗುತ್ತಿದೆಯೇ ಎಂದು ಕ್ಯಾಪ್ಟನ್ ಕೇಳಿದಾಗ, ಇನ್ನು ನನಗೆ ಯಾವುದೂ ತೊಂದರೆ ಮಾಡದು ಎಂದನಂತೆ. ಮರುದಿನ, ಮಾರ್ಚ್ 7ರಂದು, ಅರುವತ್ತೊಂದನೆಯ ವಯಸ್ಸಿನಲ್ಲಿ, ನಡುಸಮುದ್ರದಲ್ಲಿ ಕಣ್ಣು ಮುಚ್ಚಿದ. ತಂದೆ ಹೊರಟಾಗ ಹತ್ತರ ಆಸುಪಾಸಿನಲ್ಲಿದ್ದ ಹೆಣ್ಣುಮಕ್ಕಳು ಆ ವೇಳೆಗೆ ಮದುವೆಯ ವಯಸ್ಸಿಗೆ ಬಂದಿದ್ದರು.

ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯಲ್ಲಿ, ನೆಲ್ಸನ್‌ನ ಸಮಾಧಿಯ ಪಕ್ಕದಲ್ಲಿಯೇ ಆತನನ್ನು ಮಲಗಿಸಿದರು. ಮುಂದೆ ದೊಡ್ಡ ಮಗಳ ಗಂಡ ಮಾವನ ಕಾಗದಗಳನ್ನೆಲ್ಲ ಸೇರಿಸಿ 1828ರಲ್ಲಿ ಪುಸ್ತಕವಾಗಿ ತಂದ. ಮನೆಯಲ್ಲಿ ಜೋಪಾನ ಮಾಡಿಟ್ಟ ಕಾಗದಗಳಿಂದಲೇ ಈ ಮನುಷ್ಯನ ಅಂತರಂಗ ನಮಗೆ ಗೊತ್ತಾದದ್ದು.

ನಮಗೇನು?

ಇದೆಲ್ಲ ಓದಿ ಮುಗಿಸಿದಾಗ ನನಗೆ ಎರಡು ಮಾತು ಅನ್ನಿಸಿತು. ಒಂದು, ದೇಶ ಆತನಿಂದ ಬಹಳ ತೆಗೆದುಕೊಂಡಿತು. ಅದಕ್ಕಿಂತ ಹೆಚ್ಚು ಸಾರಾಳಿಂದ ತೆಗೆದುಕೊಂಡಿತು. ಸುಮಾರು ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಒಂದೇ ಸೂರಿನಡಿ ಕಳೆದ ಕಾಲ ಎಷ್ಟು ಅಲ್ಪ! ಆಕೆಗೆ ಯಾರೂ ಪದಕ ಕೊಡಲಿಲ್ಲ.

ಇನ್ನೊಂದು, ಗೆಳೆತನಕ್ಕೆ ಮಾತುಗಾರಿಕೆ ಬೇಕು, ನಗುಮುಖ ಬೇಕು, ಹತ್ತು ಜನರನ್ನು ಸೇರಿಸುವ ಚತುರತೆ ಬೇಕು ಎಂದು ನಾವು ತಿಳಿದಿದ್ದೇವೆ. ಕಾಲಿಂಗ್‌ವುಡ್‌ಗೆ ಅದಾವುದೂ ಇರಲಿಲ್ಲ. ಆತನಿಗಿದ್ದದ್ದು ಒಂದೇ. ಗೆಳೆಯ ಮುಂದೆ ಹೋದಾಗ ತಾನು ಹಿಂದೆ ಬಿದ್ದೆನೆಂದು ಆತನಿಗೆ ಅನ್ನಿಸಲಿಲ್ಲ, ನಮ್ಮವನು ಮುಂದೆ ಹೋದ ಎನ್ನಿಸಿತು. ಕೇಕಿನ ತುಂಡು ಕೊಟ್ಟ ಹುಡುಗನ ಮನಸ್ಸು ಕೊನೆಯವರೆಗೂ ಕೆಡಲಿಲ್ಲ.

ಮೊನ್ನೆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ನನ್ನ ಮುಖ್ಯೋಪಾಧ್ಯಾಯಿನಿ ಗೆಳತಿಗೆ ಕಾಗದ ಬರೆದೆ. ತಡವಾದದ್ದಕ್ಕೆ ನೆವ ಹೇಳಲಿಲ್ಲ. "ಕೇಳಿದ ದಿನ ಸ್ವಲ್ಪ ಹೊಟ್ಟೆ ಉರೀತು ಕಣೇ, ಈಗ ತಣ್ಣಗಾಗಿದೆ" ಎಂದೇ ಬರೆದೆ. ಎಂಟು ದಿನದಲ್ಲಿ ಉತ್ತರ ಬಂತು. "ನಿನ್ನ ಕಾಗದ ಬರಲಿಲ್ಲವಲ್ಲ ಎಂದು ಅದೊಂದೇ ಕೊರತೆಯಾಗಿತ್ತು. ಈಗ ನಿಜವಾಗಿ ಬಡ್ತಿ ಸಿಕ್ಕಿತು" ಎಂದು ಬರೆದಿದ್ದಾಳೆ. ದಸರಾ ರಜಕ್ಕೆ ಬರುತ್ತಾಳಂತೆ. ಅವಳಿಗೆ ನನ್ನ ಕೈಯ ರವೆ ಉಂಡೆ ಎಂದರೆ ಪ್ರಾಣ. ತುಪ್ಪ ಕಾಯಿಸಿಡಬೇಕು.